ಬುತ್ತಿ ಕಾದವರು

ಹೈದರಾಬಾದಿಗೆ ಬಂದು ಮೂವತ್ತಾರು ವರ್ಷವಾದರೂ ನಾನು ಚಾರ್ಮಿನಾರ್ ನೋಡಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಊರಲ್ಲೇ ಇರುವವಳನ್ನು ಊರು ನೋಡಿದ್ದೀಯಾ ಎಂದು ಯಾರಾದರೂ ಕೇಳುತ್ತಾರೆಯೇ?

ಹಾಗೆಂದು ನಾನೇನು ಮನೆಯ ಮೂಲೆ ಹಿಡಿದು ಕೂತವಳಲ್ಲ. ಮಗಳ ಶಾಲೆಯ ಪುಸ್ತಕಕ್ಕೆಂದು ವರ್ಷ ವರ್ಷ ಅಬಿಡ್ಸ್‌ಗೆ ಹೋಗಿದ್ದೇನೆ. ಹಲ್ಲು ಕೀಳಿಸಿಕೊಳ್ಳಲು ಒಬ್ಬಳೇ ಸಿಕಂದರಾಬಾದಿಗೆ ಹೋಗಿ ಬಂದಿದ್ದೇನೆ. ನಾಚಾರಂ ಸಂತೆಯಲ್ಲಿ ತರಕಾರಿಯವಳ ಜತೆ ತೆಲುಗಿನಲ್ಲಿ ಜಗಳವಾಡಿ ಗೆದ್ದಿದ್ದೇನೆ. ಆದರೆ ಚಾರ್ಮಿನಾರು, ಸಾಲಾರ್ ಜಂಗ್ ಮ್ಯೂಸಿಯಂ, ಗೋಲ್ಕೊಂಡ ಇವೆಲ್ಲ ನೆಂಟರ ಪಾಲಿನವು. ನೆಂಟರು ಅವನ್ನು ನೋಡುತ್ತಿದ್ದರು, ನನ್ನ ಗಂಡ ತೋರಿಸುತ್ತಿದ್ದರು, ನಾನು ರೊಟ್ಟಿ ಬಡಿಯುತ್ತಿದ್ದೆ.

ನನ್ನ ಗಂಡ ಬಸವಲಿಂಗಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಲಿಂಗಸುಗೂರು, ಮುದಗಲ್ಲು, ಸಿಂಧನೂರಿನ ಕಡೆಯಿಂದ ಯಾರು ಈ ಊರಿಗೆ ಬಂದರೂ, ಆಸ್ಪತ್ರೆಗೋ ಪರೀಕ್ಷೆಗೋ ಮದುವೆಗೋ, ಇಳಿಯುವುದು ನಾಚಾರಂನ ನಮ್ಮ ಎರಡು ಕೋಣೆಯ ಮನೆಯಲ್ಲೇ. ಬಂದ ಕೆಲಸ ಮುಗಿದ ಮೇಲೆ ಒಂದು ದಿನ ಊರು ನೋಡುವುದಕ್ಕೆ. ಅದಕ್ಕೆ ನಮ್ಮ ಮನೆಯಲ್ಲಿ 'ಸುತ್ತು' ಎಂದು ಹೆಸರು. ಇವರು ರಜೆ ಹಾಕಿ ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ಬಸ್ಸು ಹತ್ತಿಸುತ್ತಿದ್ದರು. ಮೊದಲು ಚಾರ್ಮಿನಾರ್. ಹನ್ನೆರಡಕ್ಕೆ ಹತ್ತು ನಿಮಿಷ ಇರುವಂತೆ ಮ್ಯೂಸಿಯಂ, ಅಲ್ಲಿ ಗಡಿಯಾರದೊಳಗಿಂದ ಪುಟ್ಟ ಮನುಷ್ಯ ಹೊರಬಂದು ಹನ್ನೆರಡು ಬಾರಿ ಗಂಟೆ ಬಾರಿಸುವುದನ್ನು ನೋಡಬೇಕು. ಆಮೇಲೆ ನೆರಳಲ್ಲಿ ಕೂತು ಬುತ್ತಿ ಬಿಚ್ಚಬೇಕು. ಅಲ್ಲಿಂದ ಗೋಲ್ಕೊಂಡ. ಮೂವತ್ತು ವರ್ಷ ಇದರಲ್ಲಿ ಒಂದು ಚೂರೂ ಬದಲಾವಣೆ ಇಲ್ಲ.

ಆ ಬುತ್ತಿ ನನ್ನದು. ನಸುಕಿನಲ್ಲೆದ್ದು ನಲವತ್ತು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಇವರ ಕೈಗೆ ಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ತಿರುಗಿ ಬರುವಷ್ಟರಲ್ಲಿ ರಾತ್ರಿಯ ಅಡುಗೆ ಆಗಬೇಕಲ್ಲ. ಉಂಡಾದ ಮೇಲೆ ನೆಂಟರು ಕಾಲು ಚಾಚಿ ಕೂತು, ಕಂಡದ್ದನ್ನೆಲ್ಲ ನನಗೆ ಹೇಳುತ್ತಿದ್ದರು. ಹೀಗೆ ಕೇಳಿ ಕೇಳಿ ನನಗೆ ಚಾರ್ಮಿನಾರಿನ ಮೆಟ್ಟಿಲೆಷ್ಟು, ಗಡಿಯಾರದ ಮನುಷ್ಯನಿಗೆ ಗಡ್ಡವಿದೆಯೇ ಇಲ್ಲವೇ ಎಲ್ಲ ಗೊತ್ತು. ನೋಡಿದವರಿಗಿಂತ ಹೆಚ್ಚೇ ಗೊತ್ತು.

ಒಂದು ಸಲ ಹೊರಟಿದ್ದೆ. ಮದುವೆಯಾಗಿ ಬಂದ ಎರಡನೇ ತಿಂಗಳು. ಇಬ್ಬರೇ ಹೋಗುವುದು ಎಂದು ಮಾತಾಗಿತ್ತು. ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಅಷ್ಟರಲ್ಲಿ ಆಟೋದಿಂದ ಸಿಂಧನೂರಿನ ಕಾಕಾ, ಕಾಕಿ, ಅವರ ನಾಲ್ಕು ಮಕ್ಕಳು ಇಳಿದರು. ಬೀಗ ತೆಗೆದೆ, ಸೀರೆ ಬದಲಿಸಿದೆ, ಸ್ಟೋವ್ ಹಚ್ಚಿದೆ. "ಮುಂದಿನ ವಾರ ಹೋಗೂಣು" ಎಂದರು ಇವರು. ಆ ಮುಂದಿನ ವಾರ ಬರಲೇ ಇಲ್ಲ. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಮಗಳು ಶೈಲಾ ಹುಟ್ಟಿದಳು, ಅವಳ ಶಾಲೆ, ಅತ್ತೆಯವರ ಕಾಯಿಲೆ. ಸಿಟ್ಟು ಹೋಗಲಿಲ್ಲ, ಒಳಗೆಲ್ಲೋ ಕೂತುಬಿಟ್ಟಿತು. ಇವರಿಗೆ ಅದು ಮರೆತೇಹೋಗಿದೆ ಎಂದು ನನಗೆ ಖಾತ್ರಿಯಾಗಿತ್ತು.

ಹೋದ ಚಳಿಗಾಲದಲ್ಲಿ ಇವರ ಮೊಣಕಾಲಿನ ಆಪರೇಷನ್ ಆಯಿತು. ಅದಾಗಿ ಇಪ್ಪತ್ತು ದಿನಕ್ಕೆ ನೆಂಟರು ಬಂದರು. ಇವರ ತಂಗಿಯ ಮಗಳು ಗುರುದೇವಿ, ಅವಳ ಹನ್ನೆರಡು ವರ್ಷದ ಮಗಳು ಲಹರಿ, ಗುರುದೇವಿಯ ಅತ್ತೆ ಅಂಬುಬಾಯಿ. ಕೊಂಡಾಪುರದಲ್ಲಿ ಯಾರದೋ ಮದುವೆ ಮುಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಒಂದು ದಿನ ಉಳಿದು ಊರು ನೋಡಿ ಹೋಗುವ ಆಸೆ. ಇವರು ವಾಕರ್ ಹಿಡಿದು ಬಚ್ಚಲಿಗೆ ಹೋಗುವುದೇ ಹೆಚ್ಚು.

ಅಂಬುಬಾಯಿ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅವರೇ ತೀರ್ಪು ಕೊಟ್ಟರು. "ಬಸವಲಿಂಗಪ್ಪಗ ಆಗದಿದ್ರ ಏನಾತು, ಪ್ರಫುಲ್ಲಾ ಇಲ್ಲೇನು? ಇಷ್ಟು ವರ್ಷ ಇದ ಊರಾಗ ಅದಾಳ. ಕಣ್ಣು ಮುಚ್ಚಿ ತೋರಸ್ತಾಳ."

ನಾನು ಇವರ ಮುಖ ನೋಡಿದೆ. ಇವರು ತಲೆ ತಗ್ಗಿಸಿ ಮೊಣಕಾಲು ಸವರಿಕೊಂಡರು. ನನಗೆ ಹಟ ಬಂತು. ನಾನು ನೋಡಿಲ್ಲ ಎಂದು ಆಗ ಹೇಳಿಬಿಡಬಹುದಿತ್ತು. ಆದರೆ ಮೂವತ್ತಾರು ವರ್ಷ ಗಂಡ ಕರೆದುಕೊಂಡು ಹೋಗಲಿಲ್ಲ ಎಂದು ಬೀಗರ ಮುಂದೆ ಹೇಳಿಕೊಳ್ಳುವ ಅವಮಾನ ಯಾರಿಗೆ ಬೇಕು? "ನಾ ಕರ್ಕೊಂಡು ಹೋಗ್ತೀನಿ ಬಿಡ್ರಿ" ಎಂದೆ.

ಬೆಳಿಗ್ಗೆ ಬುತ್ತಿ ಕಟ್ಟಿದೆ. ನಾಲ್ಕೇ ಜನಕ್ಕಾದ್ದರಿಂದ ಹದಿನಾರು ರೊಟ್ಟಿ ಸಾಕಾಯಿತು. ಕಟ್ಟುವಾಗ ನನಗೇ ನಗು ಬಂತು. ನನ್ನ ಬುತ್ತಿಯ ಜತೆ ನಾನೇ ಹೊರಟಿದ್ದು ಇದೇ ಮೊದಲು. ಇವರು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ದಾರಿ ಬರೆದುಕೊಟ್ಟರು. ಬೇಡ ಎಂದರೂ ನನ್ನ ಚೀಲಕ್ಕೆ ತುರುಕಿದರು. "ಹನ್ನೆರಡರ ಗಂಟಿ ತಪ್ಪಸಬ್ಯಾಡ" ಎಂದರು. ನನಗೆ ಮೈಯೆಲ್ಲ ಉರಿಯಿತು. "ನನಗೇನು ಗೊತ್ತಿಲ್ಲೇನು?" ಎಂದು ಹೊರಟೆ.

ಶೈಲಾ ತನ್ನ ಮನೆಯಿಂದಲೇ ಫೋನಿನಲ್ಲಿ ಕಾರು ಗೊತ್ತು ಮಾಡಿದ್ದಳು. ನಾನು ಮುಂದಿನ ಸೀಟಿನಲ್ಲಿ ಬುತ್ತಿ ತೊಡೆಯ ಮೇಲಿಟ್ಟುಕೊಂಡು, ಎಲ್ಲ ಗೊತ್ತಿರುವವಳ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕೂತೆ. ನದಿ ದಾಟಿ, ಕಲ್ಲಿನ ಕಮಾನುಗಳ ಬೀದಿ ಹೊಕ್ಕು, ಒಂದು ಕಡೆ ಡ್ರೈವರು ಕಾರು ನಿಲ್ಲಿಸಿ ಇನ್ನು ಮುಂದೆ ನಡೆಯಬೇಕು ಅಂದ. ಇಳಿದು ತಲೆ ಎತ್ತಿದರೆ ಎದುರಿಗೇ ನಿಂತಿತ್ತು.

ಏನು ಹೇಳಲಿ. ನೆನಪಾದದ್ದು ನನ್ನ ಮಾವನವರು. ಅವರು ಇದನ್ನು ನೋಡಿ ಬಂದ ರಾತ್ರಿ, "ನಾಕು ಮಂದಿ ಪೈಲ್ವಾನರು ತಲಿ ಮ್ಯಾಲ ಒಂದ ಮಂಚ ಹೊತ್ಕೊಂಡು ನಿಂತಾರವಾ" ಎಂದಿದ್ದರು. ಹೌದು, ಹಾಗೆಯೇ ನಿಂತಿತ್ತು. ಮಾವನವರು ತೀರಿಕೊಂಡು ಇಪ್ಪತ್ತೆರಡು ವರ್ಷ. ಪಕ್ಕದಲ್ಲೇ ಶಲ್ಯ ಹೆಗಲಿಗೆ ಹಾಕಿಕೊಂಡು ನಿಂತು, ನಾ ಹೇಳಿರಲಿಲ್ಲೇನು ಎಂದು ಕೇಳಿದಂತಾಯಿತು.

"ಅಜ್ಜಿ, ಅಳಾಕತ್ತೀರೇನು?" ಎಂದಳು ಲಹರಿ.

"ಧೂಳ ಐತಿ" ಎಂದೆ. ಕೂಡಲೇ ತೋರಿಸುವ ಕೆಲಸ ಶುರು ಮಾಡಿದೆ. "ನೋಡ್ರಿ, ಇದರ ಸುತ್ತ ಬಸ್ಸು, ರಿಕ್ಷಾ ತಿರಗತಾವು. ಎರಡು ಮಾಳಗಿ ಬಸ್ಸಿನ ಮ್ಯಾಲ ಕುಂತ್ರ ಇದು ಕೈಗೆ ಸಿಕ್ಕಂಗ ಕಾಣತೈತಿ. ದಾಟೂವಾಗ ಹುಷಾರು."

ಲಹರಿ ಅತ್ತಿತ್ತ ನೋಡಿದಳು. ಸುತ್ತ ಕಲ್ಲು ಹಾಸಿದ ನೆಲ, ಅದರ ಮೇಲೆ ಜನ, ಬಲೂನು, ಪಾರಿವಾಳ. "ಬಸ್ಸ ಎಲ್ಲದಾವ ಅಜ್ಜಿ? ಇಲ್ಲಿ ಗಾಡಿ ಬಿಡಂಗೇ ಇಲ್ಲಂತ, ಬೋರ್ಡ್ ಐತಿ."

"ಈಗ ಬಂದ್ ಮಾಡಿರಬೇಕು" ಎಂದು ಗೊಣಗಿ ಮುಂದೆ ನಡೆದೆ. ಬೆನ್ನ ಹಿಂದೆ ಅಂಬುಬಾಯಿಯ ಕಣ್ಣು ನನ್ನ ಮೇಲೆ ನೆಟ್ಟಿತ್ತೆಂದು ಗೊತ್ತಾಗುತ್ತಿತ್ತು. ಅವರು ಇಪ್ಪತ್ತು ವರ್ಷದ ಹಿಂದೆ ಒಮ್ಮೆ ನಮ್ಮ ಮನೆಗೆ ಬಂದು ಸುತ್ತು ಮುಗಿಸಿ ಹೋದವರು. ಎರಡು ಮಾಳಿಗೆಯ ಬಸ್ಸಿನ ಮಾತು ಅವತ್ತು ರಾತ್ರಿ ಅವರೇ ನನಗೆ ಹೇಳಿದ್ದು. ಅದು ನನಗೆ ನೆನಪಾದದ್ದು ಆಡಿಬಿಟ್ಟ ಮೇಲೆ.

ಮೇಲೆ ಹತ್ತಿದೆವು. ಸುತ್ತು ಮೆಟ್ಟಿಲು, ಕತ್ತಲು, ಒಬ್ಬರ ಹಿಂದೆ ಒಬ್ಬರು. ಮೇಲಿನಿಂದ ನೋಡಿದರೆ ನಾಲ್ಕು ದಿಕ್ಕಿಗೆ ನಾಲ್ಕು ಬೀದಿ. ಇಷ್ಟು ದೊಡ್ಡ ಊರಿನ ಒಂದು ಮೂಲೆಯಲ್ಲಿ ಕೂತು ಇಷ್ಟು ವರ್ಷ ಹಿಟ್ಟು ನಾದಿದೆನಲ್ಲ ಅನ್ನಿಸಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಕಂಬಿ ಹಿಡಿದು ಸುಮ್ಮನೆ ನಿಂತೆ.

ಇಳಿದು ಬಳೆಗಾರರ ಓಣಿಗೆ ಹೋದೆವು. ಗುರುದೇವಿಗೆ ಅಲ್ಲಿ ಒಂದು ಆಸೆ ಇತ್ತು. ಅವಳ ತಾಯಿ, ಅಂದರೆ ನನ್ನ ನಾದಿನಿ ಮಂದಾಕಿನಿ, ಇಲ್ಲಿಂದ ಕೊಂಡ ಅರಗಿನ ಬಳೆಯನ್ನು ವರ್ಷಗಟ್ಟಲೆ ತೊಟ್ಟಿದ್ದಳು. ಮಂದಾಕಿನಿ ತೀರಿಕೊಂಡು ಆರು ವರ್ಷವಾಗಿದೆ. "ಅವ್ವ ಯಾವ ಅಂಗಡ್ಯಾಗ ತೊಗೊಂಡಿದ್ಲು, ಗೊತ್ತೇನು ಅತ್ತಿ?" ಎಂದು ಗುರುದೇವಿ ಕೇಳಿದಳು.

ನನಗೆ ಗೊತ್ತಿತ್ತು. ಮಂದಾಕಿನಿ ಆ ರಾತ್ರಿ ಅದನ್ನು ನನಗೆ ಮೂರು ಸಲ ಹೇಳಿದ್ದಳು. ಓಣಿ ಹೊಕ್ಕ ಮೇಲೆ ಎಡಗಡೆ, ಎರಡು ಮೆಟ್ಟಿಲು ಹತ್ತಬೇಕು, ಬಾಗಿಲಿಗೆ ಹಸಿರು ಬಣ್ಣ, ಕೈ ಹಿಡಿದು ಬಳೆ ಏರಿಸುವಾಗ ಮುದುಕ ಹಾಡಿನಂತೆ ಏನೋ ಗುನುಗುತ್ತಾನೆ. ಎಡಗಡೆ ನೋಡುತ್ತಾ ನಡೆದೆ. ಎರಡು ಮೆಟ್ಟಿಲಿನ ಅಂಗಡಿ ಸಿಕ್ಕಿತು. ಬಾಗಿಲ ಬಣ್ಣ ಬೇರೆಯಾಗಿತ್ತು, ಕೂತವನೂ ಮುದುಕನಲ್ಲ. "ಇದ" ಎಂದೆ. ಗುರುದೇವಿ ಬಳೆ ತೊಟ್ಟುಕೊಂಡು ಮೆಟ್ಟಿಲ ಮೇಲೆ ನಿಂತು ಅತ್ತಳು. ಅದು ಅದೇ ಅಂಗಡಿಯೋ ಅಲ್ಲವೋ, ಆಣೆ ಮಾಡಿ ಹೇಳಲಾರೆ. ಆದರೆ ಮಂದಾಕಿನಿ ಹೇಳಿದ್ದನ್ನು ಅವಳ ಮಗಳಿಗೆ ಮುಟ್ಟಿಸಿದೆ ಎಂಬ ಸಮಾಧಾನ ಇವತ್ತಿಗೂ ಇದೆ.

ಅಷ್ಟರಲ್ಲಿ ಹನ್ನೊಂದೂಕಾಲು. ಆಟೋ ಹಿಡಿದು ಮ್ಯೂಸಿಯಂ ಮುಟ್ಟಿದೆವು. ನಿಜ ಹೇಳಬೇಕೆಂದರೆ, ನನ್ನ ಜೀವವೆಲ್ಲ ಇದ್ದದ್ದು ಈ ಗಡಿಯಾರದ ಮೇಲೆ. ಬಂದ ನೆಂಟರೆಲ್ಲ ಅದರ ಮಾತು ಬಂದಾಗ ಎದ್ದು ನಿಂತು ಆಡಿ ತೋರಿಸುತ್ತಿದ್ದರು. ಸಿಂಧನೂರಿನ ಕಾಕಾ ನಮ್ಮ ಅಡುಗೆಮನೆಯ ಬಾಗಿಲಿನಿಂದ ಗಡ್ಡ ಸವರುತ್ತಾ ಹೊರಬಂದು, ಲಟ್ಟಣಿಗೆಯಿಂದ ತಾಟಿಗೆ ಹನ್ನೆರಡು ಬಾರಿ ಹೊಡೆದಿದ್ದ. ಆವತ್ತಿನಿಂದ ಅದನ್ನು ನನ್ನ ಕಣ್ಣಾರೆ ನೋಡಬೇಕೆಂಬ ಹುಚ್ಚು. ಇವತ್ತು ಹನ್ನೆರಡಕ್ಕೆ ಅದು ತೀರುವುದಿತ್ತು.

ಒಳಗೆ ಹೋಗಿ ದಾರಿ ಗೊತ್ತಿಲ್ಲದೆ ತಡವರಿಸಬಾರದೆಂದು, ಸ್ವಲ್ಪ ಪಕ್ಕಕ್ಕೆ ಹೋಗಿ ಇವರಿಗೆ ಫೋನು ಮಾಡಿದೆ. "ಗಡಿಯಾರ ಯಾವ ಕಡೆ ಐತಿ?"

"ಗಡಿಯಾರ... ಅದು..." ಇವರು ತಡವರಿಸಿದರು. "ಮ್ಯಾಲ ಇರಬೇಕು ನೋಡು. ಎರಡನೇ ಮಾಳಗಿ."

"ಇರಬೇಕು ಅಂದ್ರ?"

"ಯಾರನರ ಕೇಳು, ಹೇಳ್ತಾರ" ಎಂದು ಫೋನು ಇಟ್ಟರು.

ತಿರುಗಿ ಬಂದು, ಗಡಿಯಾರ ಮೇಲಿದೆ, ಬೇಗ ನಡೆಯಿರಿ ಎಂದೆ. ಅಂಬುಬಾಯಿ ನಕ್ಕರು. "ಯವ್ವಾ, ಕೆಳಗ ಐತಿ. ನಾನ ನೋಡೀನಲ್ಲ. ಒಳಗ ಅಂಗಳದಾಗ ಕುರ್ಚಿ ಹಾಕಿರ್ತಾರ. ಮೆಟ್ಟಲಾ ಏರೂದ ಇಲ್ಲ."

ನನಗೆ ಏನೋ ಒಂದು ಎಲ್ಲೋ ತಪ್ಪಿದಂತಾಯಿತು. ಅದನ್ನು ಯೋಚಿಸುವಷ್ಟರಲ್ಲಿ ಬಾಗಿಲಿನ ಕಾವಲಿನವನು ನನ್ನ ಕೈಯ ಗಂಟು ತೋರಿಸಿ, ಊಟ ಒಳಗೆ ಬಿಡುವುದಿಲ್ಲ, ಸಾಮಾನು ಇಡುವ ಕೋಣೆಯಲ್ಲಿಟ್ಟು ಬನ್ನಿ ಎಂದು ಹಿಂದಿಯಲ್ಲಿ ಹೇಳಿದ. ನಾವು ಆ ಕೋಣೆಗೆ ಹೋದೆವು. ಗುರುದೇವಿ ತನ್ನ ಚೀಲ ಕೊಟ್ಟಳು. ನಾನು ಬುತ್ತಿ ಮುಂದೆ ಮಾಡಿದಾಗ ಅಂಬುಬಾಯಿ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ. ಅನ್ನದ ಗಂಟು ಅದು. ಅಲ್ನೋಡು, ಯಾರದೋ ಹೆಲ್ಮೆಟ್, ಯಾರದೋ ಬೂಟಿನ ಚೀಲ. ಅದರ ಬಾಜೂಕ ಬುತ್ತಿ ಇಡತಾರೇನು? ಇಟ್ರ ನಾ ಉಣ್ಣಂಗಿಲ್ಲ."

ನಮ್ಮ ಕಡೆಯ ಹಿರಿಯರೆಲ್ಲ ಹೀಗೆಯೇ. ಬುತ್ತಿಯನ್ನು ಚಪ್ಪಲಿಯ ಹತ್ತಿರ ಇಡುವುದಿಲ್ಲ, ಗೊತ್ತಿಲ್ಲದವರ ಕೈಗೆ ಕೊಡುವುದಿಲ್ಲ. ನಾನೂ ಅದನ್ನೇ ನೋಡಿ ಬೆಳೆದವಳು. "ಹಂಗಾರ ಏನ್ ಮಾಡೂದು?" ಎಂದೆ.

"ಯಾರರ ಒಬ್ರು ಹೊರಗ ಕುಂದ್ರಬೇಕು" ಎಂದರು ಅಂಬುಬಾಯಿ. "ಅವಾಗ ನಿನ್ನ ಗಂಡ ಕುಂತಿದ್ದ. ಅಲ್ನೋಡು, ಆ ಗಿಡದ ಕಟ್ಟಿ ಮ್ಯಾಲ. ನೀನೂ ಬಾರಪಾ ಅಂದ್ರ, ನಾ ನೂರು ಸಲ ನೋಡೀನಿ, ನೀವು ಹೋಗಿ ಬರ್ರಿ ಅಂದ. ನಮ್ಮ ಲಿಂಗಣ್ಣ ಮಾಮಾ ಬಂದಾಗೂ ಹಂಗ ಕುಂತಿದ್ನಂತ."

ಇಪ್ಪತ್ತು ವರ್ಷದ ಹಿಂದೆಯೇ ನೂರು ಸಲ ನೋಡಿದ್ದೆ ಎಂದಿದ್ದರಂತೆ. ಪ್ರತಿ ಸಲವೂ ಬುತ್ತಿ ಇತ್ತು. ಪ್ರತಿ ಸಲವೂ ಯಾರೋ ಒಬ್ಬ ಹಿರಿಯರು ಇದ್ದರು. ಹಾಗಾದರೆ ಇವರು ಒಳಗೆ ಹೋದದ್ದು ಯಾವಾಗ?

ನಾನು ಇನ್ನೂ ಅಲ್ಲೇ ನಿಂತಿದ್ದೆ. ಗುರುದೇವಿ ಕೈಗಡಿಯಾರ ನೋಡಿಕೊಂಡಳು. ಹನ್ನೆರಡಕ್ಕೆ ಹದಿನೈದು ನಿಮಿಷವಿತ್ತು. ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. "ಅತ್ತಿ, ನೀವಂತೂ ಭಾಳ ಸಲ ನೋಡೀರಿ. ನೀವು ಕುಂದರ್ತೀರೇನು? ನಾವು ಪಟ್ಟನ ನೋಡ್ಕೊಂಡು ಬರ್ತೀವಿ."

ಇಲ್ಲ, ನಾನು ನೋಡಿಲ್ಲ, ಒಂದು ಸಲವೂ ನೋಡಿಲ್ಲ. ಈ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಬೆಳಗಿನಿಂದ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು, ಮಂದಾಕಿನಿಯ ಬಳೆ ಅಂಗಡಿಯೂ ಸೇರಿ. ಗುರುದೇವಿ ಕೈಯ ಬಳೆಯನ್ನು ಇನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಹೋಗಿ ಬರ್ರಿ" ಎಂದೆ. "ಮುಂದಿನ ಸಾಲಿನ್ಯಾಗ ಕುಂದರ್ರಿ."

ಅವರು ಹೋದರು. ನಾನು ಬುತ್ತಿ ಹಿಡಿದುಕೊಂಡು ಹೋಗಿ ಮರದ ಕಟ್ಟೆಯ ಮೇಲೆ ಕೂತೆ. ಮೊದಲ ಐದು ನಿಮಿಷ ಕಣ್ಣಲ್ಲಿ ನೀರು ತಾನಾಗಿ ಸುರಿಯಿತು, ಸಿಟ್ಟಿಗೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನು ಜೀವಮಾನವೆಲ್ಲ ಕೇಳಿದ ಗಡಿಯಾರ, ನಾನು ಇಲ್ಲಿ ರೊಟ್ಟಿ ಕಾಯುತ್ತಿದ್ದೇನೆ. ಮನೆಯಲ್ಲೂ ರೊಟ್ಟಿ, ಇಲ್ಲೂ ರೊಟ್ಟಿ.

ಆಮೇಲೆ ಕಟ್ಟೆಯನ್ನು ನೋಡಿದೆ. ಅಂಚು ಒಂದು ಕಡೆ ಸವೆದು ನುಣುಪಾಗಿತ್ತು. ಎಷ್ಟು ಜನ ಕೂತು ಸವೆಯಿತೋ. ಅವರಲ್ಲಿ ಇವರೂ ಒಬ್ಬರು. ಈ ಕಟ್ಟೆಯ ಮೇಲೆ, ಇದೇ ಬಿಳಿ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು, ಮಳೆಗಾಲ ಬೇಸಿಗೆ ಎನ್ನದೆ, ಒಳಗೆ ಹೋದವರಿಗಾಗಿ ಕಾದ ನನ್ನ ಗಂಡ. ಮನೆಗೆ ಬಂದು ನೆಂಟರು ಗಡಿಯಾರದ ಕಥೆ ಹೇಳುವಾಗ ಇವರು ಮೂಲೆಯಲ್ಲಿ ಕೂತು ತಲೆದೂಗುತ್ತಿದ್ದರು. ನೋಡಿದ್ದಕ್ಕೆ ತಲೆದೂಗುತ್ತಾರೆ ಎಂದುಕೊಂಡಿದ್ದೆ. ನನ್ನ ಹಾಗೆ ಇವರೂ ಕೇಳುತ್ತಿದ್ದರು.

ಫೋನು ತೆಗೆದೆ. ಒಂದೇ ರಿಂಗಿಗೆ ಎತ್ತಿದರು.

"ಗಡಿಯಾರ ಸಿಕ್ತೇನು?" ಎಂದರು.

"ಕಟ್ಟಿ ಮ್ಯಾಲ ಕುಂತೀನಿ. ಗಿಡದ ಕೆಳಗ. ಬುತ್ತಿ ಕಾಯಾಕತ್ತೀನಿ."

ನಮ್ಮ ಓಣಿಯಲ್ಲಿ ಹೂವಿನವನು ಕೂಗಿಕೊಂಡು ಹೋಗುವುದು ಫೋನಿನಲ್ಲಿ ಕೇಳಿತು.

"ನೀವು ಒಂದ ಸಲನೂ ಒಳಗ ಹೋಗಿಲ್ಲ, ಹೌದಲ್ಲ?" ಎಂದೆ.

"ಪ್ರಫುಲ್ಲಾ, ಬುತ್ತಿ ಅಲ್ಲೇ ಬಿಟ್ಟು ಒಳಗ ಹೋಗು" ಎಂದರು ಇವರು, ಗಡಿಬಿಡಿಯಲ್ಲಿ. "ಇನ್ನೂ ಟೈಮ್ ಐತಿ. ಹೋದ್ರ ಹೋಗಲಿ ಬುತ್ತಿ. ನಿನಗ ನೋಡಬೇಕು ಅಂತ ಎಷ್ಟು ಆಸೆ ಇತ್ತು, ನನಗ ನೆನಪೈತಿ. ಹಸಿರು ಸೀರಿ ಉಟ್ಕೊಂಡು ಬೀಗ ಹಾಕಾಕತ್ತಿದ್ದಿ. ಹೋಗು ನೀ."

"ಬುತ್ತಿ ಬಿಟ್ಟು ನೀವ್ಯಾಕ ಹೋಗಲಿಲ್ಲ?"

"ನೀ ನಸುಕಿನ್ಯಾಗ ಎದ್ದು ಬಡದ ರೊಟ್ಟಿ. ಬೂಟಿನ ಬಾಜೂಕ ಹೆಂಗ ಇಡ್ಲಿ?"

ಹಿರಿಯರ ಹಟಕ್ಕೆ ಕೂತರು ಎಂದುಕೊಂಡಿದ್ದೆನಲ್ಲ. ನನ್ನ ಬುತ್ತಿಗೆಂದು ಇವರು ಹೊರಗೆ, ಇವರ ನೆಂಟರಿಗೆಂದು ನಾನು ಮನೆಯಲ್ಲಿ. ಮೂವತ್ತಾರು ವರ್ಷ ಊರವರಿಗೆಲ್ಲ ಆ ಗಡಿಯಾರ ತೋರಿಸಿದವರು ನಾವಿಬ್ಬರು, ನೋಡದೆ ಉಳಿದವರೂ ನಾವಿಬ್ಬರೇ. "ನಾನೂ ಇಡಂಗಿಲ್ಲ" ಎಂದು ಹೇಳಿ ಫೋನು ಸೆರಗಿನಲ್ಲಿ ಕಟ್ಟಿಕೊಂಡೆ. ಹನ್ನೆರಡಾದದ್ದು ನನಗೆ ಗೊತ್ತಾದದ್ದು ಒಳಗಿನಿಂದ ಮಕ್ಕಳ ಕೇಕೆ ಕೇಳಿ. ಗಂಟೆಯ ಸದ್ದು ಕಟ್ಟೆಯವರೆಗೆ ಬರುವುದಿಲ್ಲ.

ಮೊದಲು ಹೊರಗೆ ಬಂದವರು ಅಂಬುಬಾಯಿ. ನನ್ನ ಪಕ್ಕ ಕೂತು, ಕೆಂಪಗಾದ ನನ್ನ ಕಣ್ಣು ನೋಡಿದರು. "ಎರಡು ಮಾಳಗಿ ಬಸ್ಸು ಬಂದ್ ಆಗಿ ಎಷ್ಟು ವರ್ಷ ಆತ ಪ್ರಫುಲ್ಲಾ?" ಎಂದು ಮೆಲ್ಲಗೆ ಕೇಳಿದರು.

"ಗೊತ್ತಿಲ್ರಿ ಅಕ್ಕಾರ."

"ನೀ ನೋಡಿಲ್ಲ ಅನ್ನೂದು ನನಗ ಒಳಗ ಹೋದ ಮ್ಯಾಲ ತಿಳೀತು. ತಿರುಗಿ ಬರೂದ್ರಾಗ ಗಂಟಿ ಬಡೀಲಿಕ್ಕೆ ಹತ್ತಿತ್ತು." ನನ್ನ ಬೆನ್ನ ಮೇಲೆ ಕೈಯಿಟ್ಟರು. "ಹೇಳಬಾರದಾ ಹುಚ್ಚಿ."

ಗುರುದೇವಿ, ಲಹರಿ ಬಂದರು. ಅಂಬುಬಾಯಿ ಅವರ ಮುಂದೆ ಒಂದು ಮಾತೂ ಆಡಲಿಲ್ಲ. ಬುತ್ತಿ ಬಿಚ್ಚಿ ಉಂಡೆವು. ಅವತ್ತು ರೊಟ್ಟಿ ಚೆನ್ನಾಗಿದ್ದವು, ನಾನೇ ಹೇಳಿಕೊಳ್ಳಬೇಕು. ಗೋಲ್ಕೊಂಡ ನೋಡಿದೆವು, ಕೆಳಗೆ ತಟ್ಟಿದ ಚಪ್ಪಾಳೆ ಕೋಟೆಯ ತುದಿಗೆ ಕೇಳುತ್ತದೆ ಎನ್ನುತ್ತಾರೆಂದು ತಟ್ಟಿದೆವು. ಲಹರಿ ಮೇಲೆ ಹತ್ತಿ ಹೋಗಿ ಅಲ್ಲಿಂದ ಕೂಗಿ ಕೇಳಿಸಿತೆಂದಳು. ನನ್ನ ಮನಸ್ಸು ಅಲ್ಲಿರಲಿಲ್ಲ.

ಮನೆಗೆ ಬಂದರೆ ಇವರು ವಾಕರ್ ಹಿಡಿದು ಅಡುಗೆಮನೆಯಲ್ಲಿ ನಿಂತು ಅವಲಕ್ಕಿ ಒಗ್ಗರಣೆ ಹಾಕಿದ್ದರು. ಉಪ್ಪು ಜಾಸ್ತಿ. ಎಲ್ಲರೂ ತಟ್ಟೆ ಖಾಲಿ ಮಾಡಿದರು. ತಿಂದ ಮೇಲೆ ಲಹರಿ ಎದ್ದು ನಿಂತು, ಸಿಂಧನೂರಿನ ಕಾಕಾನ ಹಾಗೆಯೇ, ಗಡಿಯಾರದ ಮನುಷ್ಯನನ್ನು ಆಡಿ ತೋರಿಸಿದಳು. ಬಾಗಿಲು ತೆರೆಯುವುದು, ಗಡ್ಡದವನು ಬರುವುದು, ಒಂದು ಎರಡು ಮೂರು ಎಂದು ಬಾರಿಸುವುದು. "ಹಂಗ ಅಲ್ಲೇನು ಮಾಮಾ ಅಜ್ಜ?" ಎಂದು ಇವರನ್ನು ಕೇಳಿದಳು.

"ಹೌದವ್ವಾ, ಥೇಟ್ ಹಂಗ" ಎಂದರು ಇವರು. "ಹೌದು, ಥೇಟ್ ಹಂಗ" ಎಂದೆ ನಾನೂ. ಇವರು ನನ್ನ ಕಡೆ ನೋಡಿದರು. ಅಂಬುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿ ಕೂತರು.

ಎರಡು ತಿಂಗಳು ಕಳೆಯಿತು. ಇವರು ವಾಕರ್ ಬಿಟ್ಟು ಕೋಲು ಹಿಡಿದರು. ಒಂದು ಮಂಗಳವಾರ ರಾತ್ರಿ ಊಟ ಮಾಡುವಾಗ, "ನಾಳೆ ಹೋಗೂಣೇನು?" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಎಂದಿನ ರೂಢಿಯಂತೆ ಬೇಗ ಎದ್ದು ಅಡುಗೆಮನೆಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ಸ್ವಲ್ಪ ಹೊತ್ತು ನೋಡಿದೆ. ಮತ್ತೆ ಮುಚ್ಚಿ, ಕೈ ತೊಳೆದುಕೊಂಡು ಬಂದೆ. ಹಸಿರು ಸೀರೆ ಉಟ್ಟೆ, ಆ ಹಳೆಯದಲ್ಲ, ಅದು ಎಂದೋ ಹರಿದು ಶೈಲಾಳ ತೊಟ್ಟಿಲಿನ ಹಾಸಿಗೆಯಾಗಿತ್ತು. ಬೀಗ ಹಾಕುವಾಗ ಇಬ್ಬರೂ ಓಣಿಯ ತುದಿಯವರೆಗೆ ನೋಡಿದೆವು. ಯಾವ ಆಟೋ ಬರಲಿಲ್ಲ.

ಮ್ಯೂಸಿಯಂ ಬಾಗಿಲಲ್ಲಿ ಕಾವಲಿನವನು ಸಾಮಾನು ಏನಿದೆ ಎಂದು ಕೇಳಿದ. ನಾನು ಎರಡೂ ಕೈ ಬಿಡಿಸಿ ತೋರಿಸಿದೆ. ಅಂಗಳದಲ್ಲಿ ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕವು. ಇವರು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, "ಈಗ ಬಾಗಲಾ ತೆರೀತೈತಿ" ಎಂದರು. "ಆಮ್ಯಾಲ ಗಡ್ಡದಾವ ಬರ್ತಾನ" ಎಂದೆ ನಾನು. ಪಕ್ಕದವರು ನಾವು ಅದನ್ನು ಹತ್ತಾರು ಸಲ ನೋಡಿದವರೆಂದೇ ತಿಳಿದಿರಬೇಕು. ಬಾಗಿಲು ತೆರೆಯಿತು. ಅವನು ಬಂದ. ಎಲ್ಲರೂ ಹೇಳಿದ್ದಕ್ಕಿಂತ ಬಹಳ ಚಿಕ್ಕವನಿದ್ದ, ಬೆರಳುದ್ದದವನು. ಒಬ್ಬರೂ ಅದನ್ನು ನಮಗೆ ಹೇಳಿರಲಿಲ್ಲ. ನಾನು ಗಂಟೆ ಎಣಿಸಲು ಶುರು ಮಾಡಿ ಏಳಕ್ಕೋ ಎಂಟಕ್ಕೋ ಲೆಕ್ಕ ತಪ್ಪಿದೆ, ಕಣ್ಣು ಮಂಜಾಗಿತ್ತು. ಇವರ ಕೈ ನನ್ನ ಕೈ ಮೇಲಿತ್ತು.

ಹೊರಗೆ ಬಂದಾಗ ಕಟ್ಟೆಯ ಮೇಲೆ ಯಾರೋ ಒಬ್ಬ ಗಂಡಸು ಮೂರು ಚೀಲ ಇಟ್ಟುಕೊಂಡು ಕೂತಿದ್ದ. ಇವರು ಅವನ ಮುಂದೆ ನಿಂತು, "ಅಂದರ್ ಜಾವೋ ಭಾಯಿ, ಹಮ್ ದೇಖತೇ" ಎಂದರು, ಒಳಗೆ ಹೋಗು, ಚೀಲ ನಾವು ಕಾಯುತ್ತೇವೆ ಎಂದು. ಅವನಿಗೆ ಅರ್ಥವಾಗಲಿಲ್ಲವೋ ನಂಬಿಕೆ ಬರಲಿಲ್ಲವೋ, ಚೀಲಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ನನಗ ಹಸಿವಾಗೈತಿ" ಎಂದೆ ರಸ್ತೆಗೆ ಬಂದ ಮೇಲೆ. "ಎಲ್ಲಿ ಉಣ್ಣೂದು?"

ಇವರು ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮೂವತ್ತಾರು ವರ್ಷ ಊರವರಿಗೆಲ್ಲ ಹೈದರಾಬಾದ್ ತೋರಿಸಿದ ಮನುಷ್ಯನಿಗೆ ಅಲ್ಲಿ ಊಟದ ಹೋಟೆಲ್ ಎಲ್ಲಿದೆ ಎಂದು ಗೊತ್ತಿರಲಿಲ್ಲ.